ಆಸರಿಗೆ ಏನು ಕೊಡೋಣ?

ಹೋದ ತಿಂಗಳು ನಮ್ಮ ವರ್ತಕ ನಗರದ ಬಿಲ್ಡಿಂಗಿನ ಕೆಳಗಿನ ಮನೆಯವರು ಒಂದು ಸಂಜೆ ಬಂದು ಕೂತರು. ನಮ್ಮ ಕುಂದಾಪುರ ಕಡೆಯವರೇ. ಮಗಳ ಮದುವೆ ನಿಶ್ಚಯವಾಗಿದೆ. ಧಾರೆ ಊರಿನಲ್ಲಿ, ರಿಸೆಪ್ಷನ್ ಇಲ್ಲಿ ಥಾಣೆಯಲ್ಲಿ.

"ಅಣ್ಣ, ಪರ್ಸನಲ್ ಲೋನ್ ಎಷ್ಟು ಸಿಗಬಹುದು?" ಅಂತ ಕೇಳಿದರು. ಬ್ಯಾಂಕಿನವನ ಮನೆಗೆ ಬಂದವರು ಇದನ್ನು ಕೇಳುವುದು ಹೊಸತಲ್ಲ ಬಿಡಿ. ಯಾತಕ್ಕೆ ಅಂದೆ.

"ನೂರೈವತ್ತು ಜನ ಆಗ್ತಾರೆ. ಬಂದವರಿಗೆ ಬರೀ ಕುಡಿಯಲಿಕ್ಕೆ, ತಿಂಡಿ ಕೊಟ್ಟು ಕಳಿಸಿದರೆ ಮರ್ಯಾದೆ ಇರ್ತದಾ? ನೀವೇ ಹೇಳಿ."

ಈ 'ಮರ್ಯಾದೆ' ಅನ್ನುವ ಮಾತು ಕೇಳಿ ನನಗೆ ನಗುವೂ ಬಂತು, ಒಳಗೆ ಸ್ವಲ್ಪ ಸಂಕಟವೂ ಆಯಿತು. ನಗು ಯಾಕೆಂದರೆ, ಇದೇ ಮುಂಬಯಿಯಲ್ಲಿ ಒಂದು ಕಾಲಕ್ಕೆ ಒಳ್ಳೊಳ್ಳೆ ಮನೆತನದವರೂ ಮದುವೆಗೆ ಬಂದವರ ಕೈಗೆ ಒಂದು ಬಾಟಲಿ, ಒಂದು ಐಸ್‌ಕ್ರೀಮ್ ಕೊಟ್ಟು ಕೈ ಮುಗಿಯುತ್ತಿದ್ದರು. ಸಂಕಟದ ಕಾರಣ ಆಮೇಲೆ ಹೇಳುತ್ತೇನೆ.

ಮೊದಲು ಊರಿನ ಮಾತು. ನಮ್ಮ ಕಡೆ ಮನೆಗೆ ಯಾರೇ ಬರಲಿ, ಮೊದಲು ಚೆಂಬಿನಲ್ಲಿ ನೀರು, ತಟ್ಟೆಯಲ್ಲಿ ಒಂದು ತುಂಡು ಬೆಲ್ಲ. ಬಿಸಿಲಲ್ಲಿ ಗದ್ದೆಯ ಅಂಚಿನಲ್ಲಿ ನಡೆದು ಬಂದವನಿಗೆ ಅದೇ ದೊಡ್ಡ ಉಪಚಾರ. 'ಆಸರಿಗೆ ಎಂತ ಬೇಕು?' ಅಂತ ಕೇಳುವುದು ಆಮೇಲೆ. ಮದುವೆ ಮನೆಯಲ್ಲಿ ಅದೇ ಬೆಲ್ಲ, ಅದೇ ನೀರು ಸೇರಿ ಪಾನಕವಾಗುತ್ತಿತ್ತು. ನಿಂಬೆ, ಏಲಕ್ಕಿ, ಒಂದು ಚೂರು ಶುಂಠಿ, ಅಷ್ಟೇ. ಬೆಳಗಿನ ತಿಂಡಿಗೆ ಸಜ್ಜಿಗೆ-ಅವಲಕ್ಕಿ. ಇದನ್ನು ಯಾರೂ ಬಡತನ ಅನ್ನಲಿಲ್ಲ.

ಊಟಕ್ಕೆ ಅಡ್ಡಿ ಬಂದದ್ದು ಎರಡನೇ ಮಹಾಯುದ್ಧದಿಂದ. 1942ರಲ್ಲಿ ಜಪಾನಿನವರು ಬರ್ಮಾ ಹಿಡಿದರು, ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತು. 1943ರಲ್ಲಿ ಬಂಗಾಳದಲ್ಲಿ ಭೀಕರ ಕ್ಷಾಮ. ಅದೇ ವರ್ಷ ಮುಂಬಯಿಯಲ್ಲಿ ರೇಷನಿಂಗ್ ಶುರುವಾಯಿತು. ಅದರ ಹಿಂದಿನ ವರ್ಷವಷ್ಟೇ ಮಾಟುಂಗಾ ಸ್ಟೇಷನ್ ಹತ್ತಿರ ಎ. ರಾಮ ನಾಯಕರು ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದಿದ್ದರು. ಬಾಳೆಲೆ ಊಟ ಹುಡುಕಿಕೊಂಡು ಬರುವ ನಮ್ಮವರು ಒಂದು ಕಡೆ, ಅಳೆದು ಕೊಡುವ ಅಕ್ಕಿ ಇನ್ನೊಂದು ಕಡೆ. ಮನೆ ಮಂದಿಗೇ ಸಾಲದ ಅಕ್ಕಿಯಲ್ಲಿ ಮದುವೆಗೆ ಸಾವಿರ ಎಲೆ ಹಾಕುವುದು ಎಲ್ಲಿಂದ?

ಸ್ವಾತಂತ್ರ್ಯ ಬಂದ ಮೇಲೂ ಹೊಟ್ಟೆಯ ಕಷ್ಟ ತೀರಲಿಲ್ಲ. ಆಹಾರ ಮಂತ್ರಿ ಕೆ.ಎಂ. ಮುನ್ಷಿಯವರ ಕಾಲದಲ್ಲಿ 'ಒಂದು ಹೊತ್ತಿನ ಊಟ ಬಿಡಿ' ಎಂಬ ಕರೆ ಬಂತು. 1950ರಲ್ಲಿ ಮೈಸೂರಿನ ಚೆಲುವಾಂಬ ಮ್ಯಾನ್ಷನ್‌ನಲ್ಲಿ ಶುರುವಾದ ಸಿ.ಎಫ್.ಟಿ.ಆರ್.ಐ. ವಿಜ್ಞಾನಿಗಳು ಅಕ್ಕಿಗೆ ಬದಲಾಗಿ ಮರಗೆಣಸಿನಿಂದ ಏನು ಮಾಡಬಹುದು ಅಂತ ಪ್ರಯೋಗಕ್ಕಿಳಿದರು. ಮುಂದೆ 1965 ಮತ್ತು 1966, ಎರಡು ವರ್ಷ ಸಾಲಾಗಿ ಮಳೆ ಕೈ ಕೊಟ್ಟಿತು. ಸೋಮವಾರ ರಾತ್ರಿ ಊಟ ಬಿಡಿ ಎಂದು ಲಾಲ್ ಬಹಾದುರ್ ಶಾಸ್ತ್ರಿಯವರು ಕೇಳಿಕೊಂಡರು. ಪಿ.ಎಲ್. 480ರ ಲೆಕ್ಕದಲ್ಲಿ ಅಮೆರಿಕದ ಗೋಧಿ ಹಡಗಿನಲ್ಲಿ ಬರಬೇಕಿತ್ತು.

ಆ ದಿನಗಳಲ್ಲಿ 1955ರ ಅಗತ್ಯ ವಸ್ತುಗಳ ಕಾಯ್ದೆಯ ಬಲದಿಂದ ಹಲವು ರಾಜ್ಯಗಳು 'ಗೆಸ್ಟ್ ಕಂಟ್ರೋಲ್ ಆರ್ಡರ್' ಹೊರಡಿಸಿದವು. ಅಂದರೆ ಅತಿಥಿ ನಿಯಂತ್ರಣ ಆಜ್ಞೆ! ಮದುವೆ ಮುಂಜಿಗಳಲ್ಲಿ ಇಷ್ಟು ಜನಕ್ಕಿಂತ ಹೆಚ್ಚು ಮಂದಿಗೆ ಊಟ ಬಡಿಸಿದರೆ ಅಪರಾಧ. 'ಅತಿಥಿ ದೇವೋ ಭವ' ಅನ್ನುವ ದೇಶದಲ್ಲಿ ದೇವರ ತಲೆ ಎಣಿಸುವ ಕಾಲ ಬಂತು ನೋಡಿ.

ಇದನ್ನು ನನಗೆ ಮೊದಲು ಹೇಳಿದವರು ನನ್ನ ಚಿಕ್ಕಪ್ಪ. 1958ರಲ್ಲಿ ಮುಂಬಯಿಗೆ ಬಂದವರು. ಹಗಲು ಹೋಟೆಲಿನಲ್ಲಿ ಕೆಲಸ, ರಾತ್ರಿ ಕನ್ನಡ ರಾತ್ರಿ ಶಾಲೆ. ಆಮೇಲೆ ಒಂದು ಮಿಲ್ಲಿನಲ್ಲಿ ಗುಮಾಸ್ತರಾದರು. ಅವರ ಮದುವೆ 1967ರಲ್ಲಿ, ಮಾಟುಂಗಾದ ಒಂದು ಹಾಲಿನಲ್ಲಿ.

"ಎಂತ ಕೊಟ್ಟಿರಿ ಚಿಕ್ಕಪ್ಪ?" ಅಂತ ಕೇಳಿದ್ದೆ.

"ಎಂತ ಕೊಡುದು ಮಾರಾಯ? ಅಕ್ಕಿಗೆ ಕಂಟ್ರೋಲು, ಗೋಧಿಗೆ ಕಂಟ್ರೋಲು, ಸಕ್ಕರೆಗೆ ಕಂಟ್ರೋಲು. ಬಟಾಟೆಗೆ ಇರಲಿಲ್ಲ. ಒಂದು ಮುಷ್ಟಿ ಬಟಾಟೆ ವೇಫರ್, ಒಂದು ಐಸ್‌ಕ್ರೀಮು, ಒಂದು ಬಾಟಲಿ ಗೋಲ್ಡ್ ಸ್ಪಾಟ್. ಇನ್ಸ್‌ಪೆಕ್ಟರ್ ಬಂದರೆ ಅವನಿಗೂ ಅದೇ!"

ಮುಂಬಯಿಯ ರಿಸೆಪ್ಷನ್ನಿನಲ್ಲಿ ಐಸ್‌ಕ್ರೀಮ್ ಮತ್ತು ಬಾಟಲಿ ರೂಢಿಗೆ ಬಂದ ಕಥೆ ಇದು. ಫ್ಯಾಶನ್ನಿಗಿಂತ ಹೆಚ್ಚಾಗಿ ಕಾನೂನು ಕಲಿಸಿದ ಪಾಠ. ಗೋಲ್ಡ್ ಸ್ಪಾಟ್ ಇದೇ ಮುಂಬಯಿಯ ಪಾರ್ಲೆಯವರದು. ಆರೆ ಕಾಲೊನಿಯ ಬಣ್ಣದ ಹಾಲು 'ಎನರ್ಜಿ' ಸಹ ಬಾಟಲಿಯಲ್ಲಿ ಬರುತ್ತಿತ್ತು. ಬಾಟಲಿಗಳನ್ನು ಕ್ರೇಟ್ ಲೆಕ್ಕದಲ್ಲಿ ತಂದು, ಖಾಲಿಯಾದದ್ದನ್ನು ಎಣಿಸಿ ವಾಪಸು ಕೊಡಬೇಕು, ಒಡೆದರೆ ದುಡ್ಡು ಕಟ್ಟಬೇಕು. ಚಿಕ್ಕಪ್ಪನ ಗೆಳೆಯರಿಬ್ಬರಿಗೆ ಆ ದಿನ ಅದೊಂದೇ ಕೆಲಸವಂತೆ. 1977ರಲ್ಲಿ ಕೋಕಾ-ಕೋಲಾ ದೇಶ ಬಿಟ್ಟು ಹೋಯಿತು, ಥಮ್ಸ್ ಅಪ್ ಬಂತು. ಬಾಟಲಿಯೂ ದುಬಾರಿ ಅನ್ನುವವರಿಗೆ 80ರ ದಶಕದಲ್ಲಿ ರಸ್ನಾ ಸಿಕ್ಕಿತು. ಒಂದು ಪೊಟ್ಟಣಕ್ಕೆ 32 ಗ್ಲಾಸು, ಅದು ಜಾಹೀರಾತಿನಿಂದಲೇ ಮನೆಮನೆಗೆ ಗೊತ್ತಾದ ಲೆಕ್ಕ.

ಈಗ ಸಂಕಟದ ಕಥೆ. ಚಿಕ್ಕಪ್ಪನ ಮದುವೆಗೆ ಊರಿನಿಂದ ಬಸ್ಸು, ರೈಲು ಹಿಡಿದು ಬಂದ ನನ್ನ ಅಪ್ಪಯ್ಯನಿಗೆ ಆ ಐಸ್‌ಕ್ರೀಮು ಗಂಟಲಲ್ಲಿ ಇಳಿಯಲಿಲ್ಲ. 'ತಮ್ಮನ ಮದುವೆಗೆ ಎಲೆ ಹಾಕಲಿಲ್ಲ' ಅನ್ನುವುದು ಅವರ ಮನಸ್ಸಿನಲ್ಲಿ ಕೂತುಬಿಟ್ಟಿತು. 1984ರಲ್ಲಿ ಅಕ್ಕನ ಮದುವೆ ಬಂದಾಗ ಹಠಕ್ಕೆ ಬಿದ್ದರು. ಕರೆದವರು, ಕರೆಯದವರು ಸೇರಿ ಸಾವಿರ ಎಲೆ. ಎರಡು ಬಗೆ ಪಾಯಸ, ಹೋಳಿಗೆ. ಊರೆಲ್ಲ ಹೊಗಳಿತು. ಅಮ್ಮನ ಬಳೆಗಳು ಅಡವಿಗೆ ಹೋದವು, ತೆಂಗಿನ ತೋಟದ ಮೇಲೆ ಸಾಲ ಆಯಿತು. ಆ ಸಾಲ ತೀರಿದ್ದು 1992ರಲ್ಲಿ, ಅದೂ ನನ್ನ ಬ್ಯಾಂಕಿನ ಸಂಬಳದಿಂದ. ಬಿ.ಕಾಂ. ಮುಗಿಸಿ ಸಿ.ಎ. ಮಾಡಬೇಕೆಂದಿದ್ದವನು ಸಿಕ್ಕಿದ ಮೊದಲ ಪರೀಕ್ಷೆ ಬರೆದು ಮುಂಬಯಿ ರೈಲು ಹತ್ತಿದೆ. ಅಮ್ಮನ ಬಳೆ ಮಾತ್ರ ತಿರುಗಿ ಬರಲಿಲ್ಲ. ಅಪ್ಪಯ್ಯನನ್ನು ದೂರುವುದಿಲ್ಲ. ಚಿಕ್ಕಪ್ಪನ ಮದುವೆಯಲ್ಲಿ ಕಾನೂನು ಕಾಪಾಡಿತ್ತು, ಅಕ್ಕನ ಮದುವೆಯಲ್ಲಿ ಕಾಪಾಡುವ ಕಾನೂನು ಇರಲಿಲ್ಲ, ಅಷ್ಟೇ.

ಬೇರೆ ದಾರಿ ನಮ್ಮ ಕನ್ನಡನಾಡಿನಲ್ಲಿ ಇರಲಿಲ್ಲ ಅಂತಲ್ಲ. ಕುವೆಂಪು ಅವರು 1966ರಲ್ಲಿ ಮಗ ತೇಜಸ್ವಿಯವರ ಮದುವೆಯನ್ನು ಮಂತ್ರಮಾಂಗಲ್ಯದ ಕ್ರಮದಲ್ಲಿ ಸರಳವಾಗಿ ಮಾಡಿ ತೋರಿಸಿದ್ದರು. ಧರ್ಮಸ್ಥಳದಲ್ಲಿ ವೀರೇಂದ್ರ ಹೆಗ್ಗಡೆಯವರು 1972ರಿಂದ ಉಚಿತ ಸಾಮೂಹಿಕ ವಿವಾಹ ನಡೆಸುತ್ತಾ ಬಂದಿದ್ದಾರೆ. ಆದರೂ ನಾವು ಕಲಿತದ್ದು ಕಡಿಮೆ. 2012ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದವರು ಕಲ್ಯಾಣ ಮಂಟಪಗಳಲ್ಲಿ ಸಮೀಕ್ಷೆ ಮಾಡಿ ಒಂದು ಲೆಕ್ಕ ಕೊಟ್ಟರು. ಬೆಂಗಳೂರಿನ ಮದುವೆಗಳಲ್ಲಿ ವರ್ಷಕ್ಕೆ 943 ಟನ್ ಒಳ್ಳೆಯ ಆಹಾರ ಎಲೆಯಲ್ಲೇ ಉಳಿದು ಹಾಳಾಗುತ್ತದೆ ಅಂತ. ಒಮ್ಮೆ ಅಕ್ಕಿ ಇಲ್ಲ ಅಂತ ತಲೆ ಎಣಿಸಿದ ದೇಶ ಇದು!

ಆ ಎಣಿಕೆ ಮತ್ತೆ ಬಂತು, ನನ್ನ ಮನೆಗೇ ಬಂತು. 2021ರ ಏಪ್ರಿಲ್‌ನಲ್ಲಿ ಮಗಳ ಮದುವೆ ಇಟ್ಟುಕೊಂಡಿದ್ದೆವು. ಕೊರೊನಾದ ಎರಡನೇ ಅಲೆ. ಮಹಾರಾಷ್ಟ್ರ ಸರ್ಕಾರದ ಆಜ್ಞೆ: ಮದುವೆಗೆ 25 ಜನ, ಎರಡು ಗಂಟೆ. ಮೀರಿದರೆ 50,000 ರೂಪಾಯಿ ದಂಡ. ಚಿಕ್ಕಪ್ಪನಿಗೆ ಫೋನ್ ಮಾಡಿ ಹೇಳಿದೆ. "ಗೆಸ್ಟ್ ಕಂಟ್ರೋಲ್ ಪುನಾ ಬಂತಾ?" ಅಂತ ನಕ್ಕರು. ಅವರು ಆ ಇಪ್ಪತ್ತೈದರಲ್ಲಿ ಬರಲಾಗಲಿಲ್ಲ. ಆ ವರ್ಷದ ಮಳೆಗಾಲ ಮುಗಿಯುವ ಮೊದಲೇ ತೀರಿಕೊಂಡರು.

ಮುಂದಿನ ವರ್ಷ ಬಿಲ್ಡಿಂಗಿನವರು, ಆಫೀಸಿನವರು, ನಮ್ಮ ಕಡೆಯವರು ಅಂತ ನೂರೈವತ್ತು ಜನರನ್ನು ಸಂಜೆ ಹೊತ್ತಿಗೆ ಸೊಸೈಟಿಯ ಟೆರೇಸಿಗೆ ಕರೆದೆವು. ಆಗ ಬರೆದಿಟ್ಟ ಲೆಕ್ಕದ ಚೀಟಿ ಇನ್ನೂ ನನ್ನ ಡೈರಿಯಲ್ಲಿದೆ. ಕೆಳಗಿನ ಮನೆಯವರಿಗೆ ಅದನ್ನೇ ತೆಗೆದು ತೋರಿಸಿದೆ.

ಒಬ್ಬರಿಗೆ 200 ಮಿ.ಲೀ. ಗ್ಲಾಸಿನಲ್ಲಿ ಸರಾಸರಿ ಒಂದೂವರೆ ಗ್ಲಾಸು. ಅಂದರೆ 150 ಜನಕ್ಕೆ 45 ಲೀಟರ್. ಅದರಲ್ಲಿ 30 ಲೀಟರ್ ಪಾನಕ: 3 ಕೆ.ಜಿ.ಯಿಂದ ಮೂರೂವರೆ ಕೆ.ಜಿ. ಬೆಲ್ಲ, 60 ನಿಂಬೆಹಣ್ಣು, ಏಲಕ್ಕಿ, ಶುಂಠಿ. ಉಳಿದ 15 ಲೀಟರ್ ಪುನರ್ಪುಳಿ ಶರಬತ್ತು. ಇಲ್ಲಿಯವರಿಗೂ ಅದು ತಮ್ಮದೇ, ಕೋಕಮ್ ಅನ್ನುತ್ತಾರೆ. ಕ್ಯಾನಿನ ನೀರಿನಲ್ಲೇ ಕಲಸುವುದು. ಅಂಗಡಿಯ ಮಂಜುಗಡ್ಡೆಯನ್ನು ಒಳಗೆ ಹಾಕುವುದು ಬೇಡ, ಪಾತ್ರೆಯ ಸುತ್ತ ಇಟ್ಟರೆ ಸಾಕು. ತಿಂಡಿಗೆ 9 ಕೆ.ಜಿ. ರವೆಯ ಸಜ್ಜಿಗೆ, 5 ಕೆ.ಜಿ. ತೆಳು ಅವಲಕ್ಕಿ, ಒಂದೊಂದು ಚಮಚ ಶಿರಾ, ಮತ್ತೆ ಚಿಕ್ಕಪ್ಪನ ನೆನಪಿಗೆ ಒಂದೊಂದು ಮುಷ್ಟಿ ಬಟಾಟೆ ವೇಫರ್. ಕೊನೆಗೆ ಬಿಸಿ ಕಾಫಿ. ಎಲೆಯಲ್ಲಿ ಬಿಟ್ಟು ಎದ್ದವರು ಯಾರೂ ಇಲ್ಲ, ಸಾಲವೂ ಇಲ್ಲ. ಮರಾಠಿ ನೆರೆಯವರು ಈಗಲೂ ಆ ಪಾನಕ ನೆನೆಸಿಕೊಳ್ಳುತ್ತಾರೆ.

ಒಂದು ವಿಷಯ ಮಾತ್ರ ಅವರಿಗೆ ಒತ್ತಿ ಹೇಳಿದೆ. ಕೊಡುವುದು ಕಡಿಮೆಯಿದ್ದರೆ ಕರೆಯೋಲೆಯಲ್ಲೇ 'ಸಂಜೆ 4ರಿಂದ 6, ಲಘು ಉಪಾಹಾರ' ಅಂತ ಬರೆಯಬೇಕು. ಊಟದ ಹೊತ್ತಿಗೆ ಕರೆದು ಪಾನಕ ಕೊಟ್ಟರೆ ಅದು ತಪ್ಪು. ಮತ್ತೆ, ಬಾಗಿಲಲ್ಲಿ ನಿಂತು ಮನೆಯವರೇ ಗ್ಲಾಸು ಕೈಗೆ ಕೊಡಬೇಕು. ಚೆಂಬು-ಬೆಲ್ಲ ತಂದು ಇಡುತ್ತಿದ್ದವರು ನಮ್ಮ ಅಮ್ಮಂದಿರೇ ತಾನೆ? ಮರ್ಯಾದೆ ಇದ್ದದ್ದು ಅಲ್ಲಿ.

ಅವರು ಚೀಟಿಯ ಫೋಟೊ ತೆಗೆದುಕೊಂಡರು. ಲೋನಿನ ಮಾತು ಮತ್ತೆ ಎತ್ತಲಿಲ್ಲ. ಮೆಟ್ಟಿಲಿಳಿಯುವಾಗ ತಿರುಗಿ ನಿಂತು ಕೇಳಿದರು:

"ಅಣ್ಣ, ನಲವತ್ತೈದು ಲೀಟರಿಗೆ ಪಾತ್ರೆ ಎಲ್ಲಿ ಬಾಡಿಗೆಗೆ ಸಿಗ್ತದೆ?"