ಮನೆಮನೆಗೆ ನಲ್ಲಿ ಬಂತು, ಬಚ್ಚಲ ನೀರು ಎಲ್ಲಿಗೆ ಹೋಯ್ತು?

2019ರ ಆಗಸ್ಟ್ 15ರಂದು ಘೋಷಣೆಯಾದ ಜಲ ಜೀವನ್ ಮಿಷನ್, ಹಳ್ಳಿಯ ಪ್ರತಿಯೊಬ್ಬರಿಗೂ ದಿನಕ್ಕೆ 55 ಲೀಟರ್ ನಲ್ಲಿ ನೀರು ಕೊಡುವ ಗುರಿ ಇಟ್ಟುಕೊಂಡಿತು. ಮನೆಗೆ ಬಂದ ನೀರಿನ ಮುಕ್ಕಾಲು ಪಾಲು ಸ್ನಾನ, ಪಾತ್ರೆ, ಬಟ್ಟೆ ಮುಗಿಸಿ ಹೊರಗೆ ಹರಿಯುತ್ತೆ. ಸಾವಿರ ಜನರ ಊರಾದರೆ ದಿನಕ್ಕೆ ಹತ್ತಿರ ಹತ್ತಿರ 40 ಸಾವಿರ ಲೀಟರ್. ಐದು ಸಾವಿರ ಲೀಟರಿನ ಎಂಟು ಟ್ಯಾಂಕರ್ ಅಂದ್ಕೊಳ್ಳಿ. ನಲ್ಲಿ ಎಲ್ಲಿ ಶುರುವಾಗಬೇಕು ಅನ್ನೋದಕ್ಕೆ ನಕ್ಷೆ ಇರುತ್ತೆ, ಈ ನೀರು ಎಲ್ಲಿ ಮುಗಿಯಬೇಕು ಅನ್ನೋದಕ್ಕೆ ಎಷ್ಟೋ ಊರಲ್ಲಿ ಇರಲ್ಲ.

ಸರ್ಕಾರಿ ಕಡತದಲ್ಲಿ ಇದರ ಹೆಸರು ಬೂದು ನೀರು. ಶೌಚಾಲಯದ್ದು ಕಪ್ಪು ನೀರು. ಇವೆರಡನ್ನೂ ಬೇರೆಬೇರೆ ಇಟ್ಟರೆ ಅರ್ಧ ಕೆಲಸ ಮುಗಿದ ಹಾಗೆ. ಅವಳಿ ಗುಂಡಿ ಶೌಚಾಲಯದಲ್ಲಿ ಒಂದು ಗುಂಡಿ ತುಂಬಿದರೆ ಮುಚ್ಚಿ ಇನ್ನೊಂದನ್ನು ಬಳಸಬೇಕು. ಸುಮಾರು ಎರಡು ವರ್ಷ ಬಿಟ್ಟರೆ ಮೊದಲನೆಯದರಲ್ಲಿ ಇರೋದು ಗೊಬ್ಬರ. ಆದರೆ ಸೆಪ್ಟಿಕ್ ಟ್ಯಾಂಕ್ ಕಟ್ಟಿಸಿ ಅದರ ಪೈಪನ್ನು ಚರಂಡಿಗೆ ಬಿಟ್ಟರೆ ಇಡೀ ಊರಿನ ಬಚ್ಚಲ ನೀರು ಕೊಳಚೆಯಾಗುತ್ತೆ.

ಇಲ್ಲಿ ಸಿ.ಸಿ. ಚರಂಡಿಯ ಬಗ್ಗೆ ಒಂದು ಮಾತು. ಪಂಚಾಯಿತಿಗಳಿಗೆ ಅದರ ಮೇಲೆ ಪ್ರೀತಿ ಜಾಸ್ತಿ, ಟೆಂಡರ್ ಆಗುತ್ತೆ, ಬಿಲ್ ಆಗುತ್ತೆ, ಕಣ್ಣಿಗೂ ಕಾಣುತ್ತೆ. ಚರಂಡಿ ನೀರನ್ನು ಸಾಗಿಸುತ್ತೆ ಅಷ್ಟೇ, ಶುದ್ಧ ಮಾಡಲ್ಲ. ನಾನು ಯಾವುದೇ ಊರಿಗೆ ಹೋದರೂ ಅದು ಮುಗಿಯೋ ಜಾಗವನ್ನ ಹುಡುಕ್ತೀನಿ. ಒಂದೋ ಕೆರೆ, ಇಲ್ಲಾ ಹಳ್ಳ. ಎಷ್ಟೋ ಸಲ ಊರ ತಗ್ಗಿನಲ್ಲಿರೋ ದಲಿತ ಕೇರಿ. ಮೇಲಿನ ಬೀದಿಗೆ ಸ್ವಚ್ಛತೆ, ಕೆಳಗಿನ ಕೇರಿಗೆ ಸೊಳ್ಳೆ.

ಸಣ್ಣ ಊರಿಗೆ ಮೋಟಾರು, ಕೆಮಿಕಲ್ ಯಾವುದೂ ಬೇಡ. ಕೋಲಾರ, ತುಮಕೂರು ಕಡೆಯ ಕೆಂಪು ಮಣ್ಣಲ್ಲಿ ಮನೆಗೊಂದು ಬಚ್ಚಲು ಗುಂಡಿ ಸಾಕು. ನೀರು ಮೊದಲು ಚಿಕ್ಕ ತೊಟ್ಟಿಗೆ ಬಿದ್ದು ಕೆಸರು, ಜಿಡ್ಡು ಬಿಟ್ಟು, ಆಮೇಲೆ ಕಲ್ಲು ತುಂಬಿದ ಗುಂಡಿಗೆ ಇಳಿದು ಇಂಗುತ್ತೆ. ತೊಟ್ಟಿ ಬಳಿಯದೆ ಬಿಟ್ಟರೆ ಗುಂಡಿ ಕಟ್ಟಿಕೊಳ್ಳುತ್ತೆ. ಕುಡಿಯುವ ನೀರಿನ ಬಾವಿಯಿಂದ ದೂರ ಇರಬೇಕು. ಹಿತ್ತಲಿನ ಬಾಳೆಗೆ ಬಚ್ಚಲ ನೀರು ಬಿಡ್ತಿದ್ದ ಅಜ್ಜಿಯರಿಗೆ ಇದನ್ನ ವಿವರಿಸಬೇಕಾಗಿಲ್ಲ ಬಿಡಿ.

ವಿಜಯಪುರ, ಕಲಬುರಗಿ, ಗದಗದ ಎರೆ ಭೂಮಿಯ ಕತೆ ಬೇರೆ. ಆ ಜಿಗುಟು ಮಣ್ಣು ನೀರನ್ನ ಬೇಗ ಇಂಗಿಸಲ್ಲ. ಗುಂಡಿ ತುಂಬಿ ಬೀದಿಗೆ ಉಕ್ಕುತ್ತೆ. ಅಲ್ಲಿ ಚರಂಡಿಯ ಕೊನೆಯಲ್ಲಿ ಸಾಲಾಗಿ ಕೊಳಗಳು ಬೇಕು. ಆಳದ ಮೊದಲ ಕೊಳದಲ್ಲಿ ಕೆಸರು ತಳ ಸೇರಿ ಗಾಳಿಯಿಲ್ಲದೆ ಕೊಳೆಯುತ್ತೆ. ಮುಂದಿನದರಲ್ಲಿ ಪಾಚಿ ಬಿಸಿಲಿಂದ ಆಮ್ಲಜನಕ ಮಾಡುತ್ತೆ, ಬ್ಯಾಕ್ಟೀರಿಯಾ ಅದನ್ನ ಬಳಸಿ ಕೊಳೆ ತಿನ್ನುತ್ತೆ. ಕೊನೆಯ ತೆಳು ಕೊಳದಲ್ಲಿ ರೋಗಾಣುಗಳು ಬಿಸಿಲಿಗೆ ಸಾಯುತ್ತವೆ. ಜಾಗ ಕಡಿಮೆ ಇದ್ದರೆ ಜಲ್ಲಿ ಹಾಸಿ ಜೊಂಡು, ಕಾಬಾಳೆ ನೆಟ್ಟು ನೀರು ಹಾಯಿಸೋ ವಿಧಾನವೂ ಇದೆ. ಆದರೆ ಯಾವುದಕ್ಕೂ ಊರ ತಗ್ಗಿನಲ್ಲಿ ಜಾಗ ಬೇಕು. ಅಲ್ಲಿನ ಸರ್ಕಾರಿ ಜಾಗ ಯಾರ ಬೇಲಿಯೊಳಗಿದೆ ಅಂತ ಕೇಳಿದರೆ ಗ್ರಾಮಸಭೆ ಮೌನವಾಗುತ್ತೆ.

ದುಡ್ಡು? ಸ್ವಚ್ಛ ಭಾರತ್ ಗ್ರಾಮೀಣ ಎರಡನೇ ಹಂತ ಬೂದು ನೀರಿಗೆ ತಲೆಗೆ ಇಷ್ಟು ಅಂತ ಮಿತಿ ಇಟ್ಟಿತು: 5,000 ಜನರವರೆಗಿನ ಊರಿಗೆ 280 ರೂಪಾಯಿ, ಅದಕ್ಕಿಂತ ದೊಡ್ಡದಕ್ಕೆ 660. ಸಾವಿರ ಜನರ ಊರಿಗೆ 2.8 ಲಕ್ಷ. ಅದರಲ್ಲೂ ಶೇ 30 ಪಂಚಾಯಿತಿಯೇ 15ನೇ ಹಣಕಾಸು ಆಯೋಗದ ಅನುದಾನದಿಂದ ಹಾಕಬೇಕಿತ್ತು. ಸಣ್ಣ ಊರಿಗೆ ಇಂಗುಗುಂಡಿ ಸಾಕು ಅನ್ನೋ ಲೆಕ್ಕ ಇದು. ಕೆಂಪು ಮಣ್ಣಿಗೆ ಸರಿ. ಎರೆ ಭೂಮಿಗೂ ಅದೇ 280. ತಲೆ ಎಣಿಸಿದರು, ಮಣ್ಣು ನೋಡಲಿಲ್ಲ. ನನ್ನ ತಕರಾರು ಇರೋದೇ ಇಲ್ಲಿ. ಹಾಗಂತ ಹಣವೇ ಇಲ್ಲ ಅನ್ನೋ ಪಂಚಾಯಿತಿಯ ಉತ್ತರವೂ ಪೂರ್ತಿ ನಿಜವಲ್ಲ: 2021ರಿಂದ 26ರ ಅವಧಿಯ ಆಯೋಗದ ಅನುದಾನದಲ್ಲಿ ಶೇ 60 ನೀರು, ನೈರ್ಮಲ್ಯಕ್ಕೇ ಮೀಸಲಾಗಿತ್ತು. ನಿಮ್ಮೂರಿನದು ಯಾವ ಕಾಮಗಾರಿಗೆ ಹೋಯ್ತು ಅಂತ ಗ್ರಾಮಸಭೆಯಲ್ಲಿ ಕೇಳಬಹುದು, ಮಾಹಿತಿ ಹಕ್ಕಿನಲ್ಲಿ ಪಡೆಯಲೂಬಹುದು.

ಜೊತೆಗೆ ಹೂಳು ಎತ್ತೋದು ಯಾರು ಅಂತಲೂ ಕೇಳಿ. ಅನೈರ್ಮಲ್ಯ ಶೌಚಾಲಯದ ಮಲ ಬಂದು ಸೇರುವ ತೆರೆದ ಚರಂಡಿಯನ್ನ ಕೈಯಿಂದ ಸ್ವಚ್ಛ ಮಾಡಿಸೋದು 2013ರ ಕಾಯ್ದೆಯ ಪ್ರಕಾರ ಮಲ ಹೊರಿಸಿದ್ದಕ್ಕೆ ಸಮ, ಅಂದರೆ ಅಪರಾಧ.