ಬೇಲಿಯ ಕಳ್ಳಿ, ಕುಂಡದ ಕಳ್ಳಿ

ಕಸಿ ಕಟ್ಟಿದ ಕಳ್ಳಿ ಮಾರುವುದನ್ನು ಪೇಟೆಯ ಹೊಸ ಶೋಕಿ ಎನ್ನುವವರು ಬಯಲುಸೀಮೆಯ ಬೇಲಿಗಳನ್ನು ಮರೆತಿದ್ದಾರೆ. ತುಂಗಭದ್ರೆಯ ದಂಡೆಯ ಐರಣಿಯ ಸುತ್ತಲಿನ ಒಣನೆಲಕ್ಕೆ ಕಳ್ಳಿ ಹೊಸದಲ್ಲ. ಬೇಲಿಯ ಕಳ್ಳಿ ಬೇರೆ ಕುಲ ಎಂಬ ಆಕ್ಷೇಪವೂ ಸರಿಯೇ: ಮುರಿದರೆ ಹಾಲು ಸುರಿಸುವ ಬೇಲಿಗಳ್ಳಿಯ ಮೇಲೆ ಕ್ಯಾಕ್ಟಸ್ ಕಸಿ ಕೂಡುವುದಿಲ್ಲ. ಆದರೆ ಪಾಪಾಸುಕಳ್ಳಿ ಅಮೆರಿಕದಿಂದ ಬಂದ ಅಪ್ಪಟ ಕ್ಯಾಕ್ಟಸ್. ಕೆಂಬಣ್ಣದ ಆಸೆಗೆ 1795ರಲ್ಲಿ ಈಸ್ಟ್ ಇಂಡಿಯಾ ಕಂಪನಿಯವರು ಅದರ ರಸ ಹೀರುವ ಹುಳ ತರಿಸಿದರು. ಬಣ್ಣ ಕೈಗೂಡಲಿಲ್ಲ, ಗಿಡವೇ ಸತ್ತಿತು. ಇನ್ನೊಂದು ಜಾತಿ ಹೊಲ ನುಂಗತೊಡಗಿದಾಗ 1926ರಲ್ಲಿ ಸಿಲೋನಿನಿಂದ ಮತ್ತೊಂದು ಹುಳ ಬಂತು. ಅಂದರೆ ಕಳ್ಳಿಯ ಲೆಕ್ಕಾಚಾರ ದಕ್ಷಿಣ ಭಾರತದಲ್ಲಿ ಎರಡು ಶತಮಾನ ಹಳೆಯದು. ಹವ್ಯಾಸಿಗಳು ಕುಂಡದಲ್ಲಿಡುವ ಕಸಿ ಕ್ಯಾಕ್ಟಸಿನ ಕೆಂಪು ಚೆಂಡು ಮಾತ್ರ 1940ರ ದಶಕದ ಜಪಾನಿನದು. ಹಸಿರಿಲ್ಲದ ಅದು ತಾನೇ ಉಣ್ಣಲಾರದು. ಅದಕ್ಕೇ ಡ್ರ್ಯಾಗನ್ ಹಣ್ಣಿನ ಬಳ್ಳಿಯ ಮುಮ್ಮೂಲೆ ಕಾಂಡ ಕೊಯ್ದು, ಎರಡರ ಒಳಗಿನ ಉಂಗುರಗಳು ಒಂದೆಡೆಯಾದರೂ ತಾಗುವಂತೆ ಚೆಂಡನ್ನು ಅದರ ಮೇಲೆ ಕೂರಿಸಿ, ರಬ್ಬರ್ ಬ್ಯಾಂಡ್ ಬಿಗಿಯಬೇಕು. ಕೆಳಗಿನ ಬಳ್ಳಿ ಸೋತರೆ ಮೇಲಿನ ಚೆಂಡೂ ಮುಗಿಯಿತು. ಮಾರುವವರು ಇದನ್ನು ಹೇಳುವುದು ಕಡಿಮೆ.