ಪರಂಗಿಯ ಅರಸು: ಒಂದು ಬೀದಿಮೂಲೆಯ ಚರಿತ್ರೆ

ನಮ್ಮ ಹಿತ್ತಿಲಿನಲ್ಲಿ ಯಾರೂ ನೆಡದೆ ತಾನಾಗಿಯೇ ಎದ್ದುಬರುವ ಗಿಡವೊಂದನ್ನು ನಾವು ಇಂದಿಗೂ ಪರಂಗಿಯೆಂದೇ ಕರೆಯುತ್ತೇವೆ. ಪರಂಗಿಯೆಂದರೆ ಫಿರಂಗಿಯವನು, ಕಡಲಾಚೆಯಿಂದ ಬಂದವನು. ಮಧ್ಯ ಅಮೆರಿಕದ ಈ ಫಲ 16ನೆಯ ಶತಮಾನದಲ್ಲಿ ಐರೋಪ್ಯರ ಹಡಗುಗಳನ್ನೇರಿ ಏಷ್ಯಕ್ಕೆ ಬಂದಿತು. ನಾಲ್ಕು ಶತಮಾನಗಳು ಉರುಳಿದವು. ನಮ್ಮ ನೆಲ ಅದನ್ನು ತನ್ನದಾಗಿ ಮಾಡಿಕೊಂಡಿತು, ನಮ್ಮ ನುಡಿ ಮಾತ್ರ ಅದರ ಪರದೇಶಿತನವನ್ನು ಮರೆಯಲಿಲ್ಲ. ಇದೇ ಹಣ್ಣು ನ್ಯೂಯಾರ್ಕ್ ನಗರಕ್ಕೂ ಪರದೇಶಿಯಾಗಿಯೇ ಹೋಗಿ, ಅಲ್ಲಿ ಒಂದು ಕುಟುಂಬದ ಪುಟ್ಟ ಅಂಗಡಿಗೆ ರಾಜಪದವಿಯ ಹೆಸರನ್ನು ತಂದುಕೊಟ್ಟಿತು. ಆ ಅಂಗಡಿ ‘ಪಪಾಯ ಕಿಂಗ್’, ಎಂದರೆ ಪರಂಗಿಯ ಅರಸು.

ಅಂಗಡಿಯನ್ನು ಸ್ಥಾಪಿಸಿದವನು ಗಸ್ ಪೌಲೋಸ್ ಎಂಬ ಗ್ರೀಕ್ ವಲಸೆಗಾರ. 1923ರಲ್ಲಿ, ಇನ್ನೂ ಹದಿಹರೆಯದಲ್ಲಿರುವಾಗಲೇ, ಅವನು ಅಮೆರಿಕಕ್ಕೆ ಬಂದನು. ತಿಂಡಿತೀರ್ಥಗಳ ಅಂಗಡಿಯೊಂದರಲ್ಲಿ ದುಡಿದು, ಕ್ರಮೇಣ ಅಂಥದೊಂದಕ್ಕೆ ಒಡೆಯನಾದನು. ಒಮ್ಮೆ ದಕ್ಷಿಣದ ಬೆಚ್ಚನೆಯ ನಾಡಿಗೆ ವಿಹಾರಕ್ಕೆ ಹೋದಾಗ ಉಷ್ಣವಲಯದ ಹಣ್ಣುಗಳ ರುಚಿಗೆ ಮನಸೋತನೆಂದೂ ಅದೇ ಅಂಗಡಿಗೆ ಮೂಲವೆಂದೂ ಮನೆತನದ ಕಥೆ ಹೇಳುತ್ತದೆ. 1932ರಲ್ಲಿ ಮ್ಯಾನ್‌ಹಟ್ಟನ್‌ನ 86ನೆಯ ಬೀದಿಯೂ ಮೂರನೆಯ ಅವೆನ್ಯೂವೂ ಕೂಡುವ ಮೂಲೆಯಲ್ಲಿ ಅವನು ಹಣ್ಣಿನ ಪಾನೀಯದ ಅಂಗಡಿಯನ್ನು ತೆರೆದನು. ಹೆಸರಿನಲ್ಲಿ ಹವಾಯಿ ದ್ವೀಪಗಳ ಪ್ರಸ್ತಾಪವಿತ್ತು. ಗ್ರೀಸಿನವನು ಅಮೆರಿಕದ ಹಣ್ಣನ್ನು ಹವಾಯಿಯದೆಂದು ಮಾರುವುದು! ವ್ಯಾಪಾರಕ್ಕೆ ಭೂಗೋಳದ ಹಂಗು ಅಷ್ಟಾಗಿಲ್ಲ. ಪರಂಗಿಯನ್ನೇ ಕಂಡರಿಯದ ಜನಕ್ಕೆ ರುಚಿ ತೋರಿಸಲು, ಹವಾಯಿಯ ಹುಲ್ಲಿನ ಲಂಗ ತೊಟ್ಟ ಹುಡುಗಿಯರಿಂದ ಲೋಟಗಳನ್ನು ಪುಕ್ಕಟೆಯಾಗಿ ಹಂಚಿಸಿದನೆಂಬುದೂ ಆ ಕಥೆಯ ಒಂದು ಎಳೆ.

ಆ ಮೂಲೆಯ ವಿಷಯವಾಗಿ ಕೊಂಚ ವಿವರವಾಗಿ ಹೇಳಬೇಕು. ಯಾರ್ಕ್‌ವಿಲ್ ಎಂಬ ಆ ಬಡಾವಣೆ ಅಂದು ಜರ್ಮನರ ಕೇರಿ. ನಗರದ ಜರ್ಮನರು ಮೊದಲು ದ್ವೀಪದ ತೆಂಕಣ ಭಾಗದಲ್ಲಿ ನೆಲೆಸಿದ್ದರು. 1904ರ ಜೂನ್ 15ರಂದು, ಅವರ ಚರ್ಚಿನ ವಾರ್ಷಿಕ ವಿಹಾರಕ್ಕೆ ಹೊರಟಿದ್ದ ‘ಜನರಲ್ ಸ್ಲೋಕಮ್’ ಎಂಬ ಉಗಿಹಡಗು ನಡುಹೊಳೆಯಲ್ಲಿ ಹೊತ್ತಿ ಉರಿದು, ಸಾವಿರಕ್ಕೂ ಹೆಚ್ಚು ಮಂದಿ ಸತ್ತರು. ಅವರಲ್ಲಿ ಹೆಚ್ಚಿನವರು ಹೆಂಗಸರು ಮತ್ತು ಮಕ್ಕಳು. ಆ ಮೊದಲೇ ಆರಂಭವಾಗಿದ್ದ ಬಡಗಣ ವಲಸೆಯನ್ನು ಈ ದುರಂತ ತ್ವರೆಗೊಳಿಸಿತು. ಹಳೆಯ ಕೇರಿಯ ಒಂದೊಂದು ಬಾಗಿಲೂ ಸತ್ತವರನ್ನು ನೆನಪಿಗೆ ತರುತ್ತಿರುವಾಗ ಅಲ್ಲಿ ಬಾಳುವುದಾದರೂ ಹೇಗೆ? ಹೀಗೆ ಯಾರ್ಕ್‌ವಿಲ್ ಬೆಳೆಯಿತು. 86ನೆಯ ಬೀದಿಯಲ್ಲಿ ಜರ್ಮನ್ ಉಪಾಹಾರಗೃಹಗಳೂ ನೃತ್ಯಶಾಲೆಗಳೂ ತುಂಬಿದವು. ಬಡಗಣಕ್ಕೆ ನಾಲ್ಕಾರು ಬೀದಿಗಳಾಚೆ ರೂಪರ್ಟ್ ಮನೆತನದ ದೊಡ್ಡ ಬಿಯರ್ ಕಾರ್ಖಾನೆಯಿತ್ತು.

ಆದರೆ 1932 ಎಂದರೆ ಪಾನನಿರೋಧದ ಕಾಲ. 1920ರಿಂದ ಮದ್ಯಮಾರಾಟಕ್ಕೆ ಇದ್ದ ನಿಷೇಧ ತೊಲಗಿದ್ದು 1933ರ ಕೊನೆಗೆ. ಜೊತೆಗೆ ಮಹಾ ಆರ್ಥಿಕ ಕುಸಿತ ಬೇರೆ. ಬಿಯರಿನ ಬೀದಿಯಲ್ಲಿ ಬಿಯರ್ ಕಾನೂನಿಗೆ ವಿರುದ್ಧವಾಗಿದ್ದಾಗ, ಅಲ್ಪ ಹಣಕ್ಕೆ ತಂಪು ಲೋಟವೊಂದನ್ನು ನೀಡುವ ಅಂಗಡಿ ನೆಲೆಯೂರಿದುದು ನನಗಂತೂ ಆಕಸ್ಮಿಕವೆಂದು ತೋರುವುದಿಲ್ಲ.

ಸಾಸೇಜು ಬಂದದ್ದು ಕೆಲವು ವರ್ಷಗಳ ತರುವಾಯ. ಗಸ್ ಮದುವೆಯಾದದ್ದು ಜರ್ಮನ್ ಮೂಲದ ಹೆಣ್ಣನ್ನು. ಆಕೆಯ ಮನೆಯ ಅಡುಗೆಯಿಂದಲೇ ಫ್ರಾಂಕ್‌ಫರ್ಟರ್ ಅಂಗಡಿಗೆ ಬಂದಿತೆನ್ನುತ್ತಾರೆ. ಆಕೆಯಿಲ್ಲದಿದ್ದರೂ ಆ ಕೇರಿಯಲ್ಲಿ ಅದು ಹೇಗೂ ಬರುತ್ತಿತ್ತೇನೋ. ಫ್ರಾಂಕ್‌ಫರ್ಟ್ ಪಟ್ಟಣದ ಹೆಸರನ್ನು ಹೊತ್ತ ಈ ಮಾಂಸದ ಸಾಸೇಜನ್ನು ಕಾವಲಿಯ ಮೇಲೆ ಉರುಳಿಸಿ ಸುಟ್ಟು, ಉದ್ದನೆಯ ಬನ್ನಿನ ನಡುವೆ ಇಟ್ಟು, ಮೇಲೆ ಸಾಸಿವೆಯನ್ನೂ ಹುಳಿಗೊಳಿಸಿದ ಕೋಸನ್ನೂ ಹಾಕಿದರೆ ಅದೇ ಹಾಟ್ ಡಾಗ್. ಕೋಸಿನ ಹೆಸರಿಗೂ ಒಂದು ಕಥೆಯುಂಟು. ಮೊದಲನೆಯ ಮಹಾಯುದ್ಧದಲ್ಲಿ ಜರ್ಮನಿಯ ಮೇಲಿನ ಕೋಪದಿಂದ ಅಮೆರಿಕನ್ನರು ‘ಸೌವರ್‌ಕ್ರೌಟ್’ ಎಂಬ ಜರ್ಮನ್ ಪದವನ್ನೇ ತೊರೆದು, ಅದಕ್ಕೆ ‘ಸ್ವಾತಂತ್ರ್ಯದ ಕೋಸು’ ಎಂದು ನಾಮಕರಣ ಮಾಡಿದ್ದರು! ತಿನ್ನುವುದನ್ನಂತೂ ಬಿಡಲಿಲ್ಲ. 1930ರ ದಶಕದ ಕೊನೆಯ ವರ್ಷಗಳಲ್ಲಿ ಹಿಟ್ಲರನ ಅಭಿಮಾನಿಗಳಾದ ಅಮೆರಿಕದ ಜರ್ಮನ್ ಸಂಘದವರು ಮೆರವಣಿಗೆ ಹೊರಟದ್ದು ಈ 86ನೆಯ ಬೀದಿಯಲ್ಲಿಯೇ. ಹೊರಗೆ ಯಾರು ಸ್ವದೇಶಿ, ಯಾರು ಶತ್ರು ಎಂಬ ಗದ್ದಲ. ಒಳಗೆ ಗ್ರೀಕನ ಕೈಯಲ್ಲಿ ಜರ್ಮನ್ ಸಾಸೇಜು, ಪಕ್ಕದಲ್ಲಿ ಪರಂಗಿಯ ಲೋಟ.

ಈ ಜೋಡಣೆ ವಿಚಿತ್ರವೆನಿಸಬಹುದು. ಆದರೆ ಉಪ್ಪು, ಹುಳಿ, ಕೊಬ್ಬುಗಳ ಬೆನ್ನಿಗೆ ತಂಪಾದ ನೊರೆಸಿಹಿ ಹಿತವಾಗಿಯೇ ಇರುತ್ತದೆ. ಪರಂಗಿ ಜೀರ್ಣಕಾರಿಯೆಂದು ಅಂಗಡಿಯವರು ಬಲವಾಗಿ ಸಾರುತ್ತ ಬಂದರು. ಪಪೇನ್ ಎಂಬ ಕಿಣ್ವ ಮಾಂಸದ ಪ್ರೋಟೀನನ್ನು ಕರಗಿಸುವುದು ನಿಜ. ಮಾಂಸ ಮೆತ್ತಗಾಗಲೆಂದು ಕಾಯಿಯನ್ನು ಅರೆದು ಹಚ್ಚುವುದನ್ನು ನಮ್ಮ ಬಾಣಸಿಗರೂ ಬಲ್ಲರು. ಆದರೆ ಅದು ಹೇರಳವಾಗಿರುವುದು ಕಾಯಿಯ ಹಾಲಿನಲ್ಲಿ, ಹಣ್ಣಾದಂತೆ ಕ್ಷೀಣಿಸುತ್ತದೆ. ಸಿಹಿಲೋಟದಲ್ಲಿ ಔಷಧಿಯನ್ನು ಹುಡುಕುವವರು ಇದನ್ನು ಮರೆಯಬಾರದು.

ಅಂಗಡಿಯಲ್ಲಿ ಕೂರಲು ಆಸನವಿರಲಿಲ್ಲ. ನಿಂತು ತಿನ್ನಬೇಕು, ತಿಂದು ನಡೆಯಬೇಕು. ದಲಾಲನೂ ಕೂಲಿಯವನೂ ಒಂದೇ ಹಲಗೆಗೆ ಮೊಣಕೈ ಊರಿ ನಿಂತರು. ಮೂರನೆಯ ಅವೆನ್ಯೂವಿನ ನೆತ್ತಿಯ ಮೇಲೆ ಓಡುತ್ತಿದ್ದ ರೈಲು 1955ರಲ್ಲಿ ನಿಂತಿತು. ಕಬ್ಬಿಣದ ಕಂಬಗಳು ಹೋಗಿ ಬೀದಿಗೆ ಬೆಳಕು ಬಂದಿತು. ಬೆಳಕಿನ ಹಿಂದೆಯೇ ಗಗನಚುಂಬಿ ವಸತಿಗಳೂ ಏರಿದ ಬಾಡಿಗೆಯೂ ಬಂದವು. ರೂಪರ್ಟ್ ಕಾರ್ಖಾನೆ 1965ರಲ್ಲಿ ಮುಚ್ಚಿತು. ಜರ್ಮನರು ಚದುರಿದರು, ಅವರ ಉಪಾಹಾರಗೃಹಗಳು ಒಂದೊಂದಾಗಿ ಕಣ್ಮರೆಯಾದವು. ಜರ್ಮನ್ ಕೇರಿಯ ಸಾಸೇಜು ಮಾತ್ರ ಗ್ರೀಕನ ಅಂಗಡಿಯಲ್ಲಿ ಉಳಿಯಿತು.

ಯಶಸ್ಸಿಗೆ ಅನುಕರಣೆ ತಪ್ಪಿದ್ದಲ್ಲ. ಪಪಾಯ ಕಿಂಗ್‌ನೊಡನೆ ಪಾಲುದಾರನಾಗಿದ್ದ ನಿಕೊಲಸ್ ಗ್ರೇ 1973ರಲ್ಲಿ ಬ್ರಾಡ್‌ವೇ ಮತ್ತು 72ನೆಯ ಬೀದಿಯ ಕೂಡುಮೂಲೆಯಲ್ಲಿ ‘ಗ್ರೇಸ್ ಪಪಾಯ’ವನ್ನು ತೆರೆದನು. ಎರಡು ಹಾಟ್ ಡಾಗ್ ಮತ್ತು ಒಂದು ಲೋಟ ಪಾನೀಯಕ್ಕೆ ಅವನು ‘ಆರ್ಥಿಕ ಹಿಂಜರಿತದ ವಿಶೇಷ’ ಎಂಬ ಹೆಸರಿಟ್ಟನು. ಹಿಂಜರಿತ ಮುಗಿದರೂ ಆ ಹೆಸರು ಹೋಗಲಿಲ್ಲ. ಮುಂದೆ ‘ಪಪಾಯ’ ಎಂಬ ಶಬ್ದವನ್ನು ಹಣೆಯಲ್ಲಿ ಹೊತ್ತ ಇನ್ನೆಷ್ಟೋ ಅಂಗಡಿಗಳು ಹುಟ್ಟಿದವು. ನ್ಯೂಯಾರ್ಕಿನಲ್ಲಿ ಅದು ಹಣ್ಣಿನ ಹೆಸರಾಗಿರುವುದಕ್ಕಿಂತ ಹೆಚ್ಚಾಗಿ ಅಗ್ಗದ ಸಾಸೇಜಿನ ಹೆಸರಾಯಿತು.

ಪಪಾಯ ಕಿಂಗ್ ಕಾಲಾಂತರದಲ್ಲಿ ಪೌಲೋಸ್ ಕುಟುಂಬದ ಕೈಬಿಟ್ಟು ಅನ್ಯರ ಪಾಲಾಯಿತು. ನಿಯಾನ್ ದೀಪಗಳ ಫಲಕ ಹಾಗೆಯೇ ಉರಿಯುತ್ತಿತ್ತು. 2021ರಲ್ಲಿ ಆ ನಿವೇಶನವನ್ನು ದೊಡ್ಡ ಕಟ್ಟಡಗಳ ನಿರ್ಮಾಪಕರು ಕೊಂಡರು. ಅಲ್ಲಿ ನೆಲದ ಬೆಲೆಯ ಮುಂದೆ ಲೋಟದ ಬೆಲೆ ಯಾವ ಲೆಕ್ಕ? ಒಂದೇ ಅಂತಸ್ತಿನ ಪುಟ್ಟ ಅಂಗಡಿ, ಅದರ ನೆತ್ತಿಯ ಮೇಲೆ ಮಾರಬಹುದಾದಷ್ಟು ಆಕಾಶ. ತೊಂಬತ್ತು ವರ್ಷಗಳ ಬಳಿಕ, 2023ರಲ್ಲಿ, ಪಪಾಯ ಕಿಂಗ್ ಆ ಮೂಲೆಯನ್ನು ತೆರವು ಮಾಡಿ, ಮೂರನೆಯ ಅವೆನ್ಯೂವಿನ ಎದುರುಬದಿಯಲ್ಲಿ ಮಳಿಗೆ ಹಿಡಿಯಿತು. ಬೀದಿಯೊಂದನ್ನು ದಾಟುವಷ್ಟೇ ದೂರದ ವಲಸೆ. ಅದೇ ವರ್ಷ ನಿಕೊಲಸ್ ಗ್ರೇ ತೀರಿಕೊಂಡನು.